ಮೆಲ್ಬರ್ನ್‌ಗೆ ಓದೋಕೆ ಬರ್ತಿದ್ದೀರಾ? ಮೊದಲು ಬಾಯಿಬಿಟ್ಟು ಕೇಳೋದು ಕಲಿಯಿರಿ

ಫೆಬ್ರವರಿ, ಜುಲೈ ಬಂತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. "ಅಣ್ಣಾ, ಕ್ಲೇಟನ್ ಹತ್ತಿರ ರೂಮ್ ಇದ್ಯಾ?", "ಸೋನಾಮಸೂರಿ ಎಲ್ಲಿ ಸಿಗುತ್ತೆ?", "ಪಾರ್ಟ್‌ಟೈಮ್ ಕೆಲಸ ಕೊಡಿಸ್ತೀರಾ?" ಎಲ್ಲ ಕೇಳುತ್ತಾರೆ. ಯೂನಿವರ್ಸಿಟಿ ಒಳಗೆ ನಮಗೋಸ್ಕರ ಏನೇನಿದೆ ಅಂತ ಮಾತ್ರ ಒಬ್ಬರೂ ಕೇಳಲ್ಲ. ಕೇಳೋ ಹೊತ್ತಿಗೆ ಒಂದು ಸಬ್ಜೆಕ್ಟ್ ಹೋಗಿರುತ್ತೆ.

ಮೊದಲು ಹೆಸರಿನ ವಿಷಯ. ಇನಿಷಿಯಲ್ ಬಿಡಿಸಿ ಪಾಸ್‌ಪೋರ್ಟ್ ಮಾಡಿಸುವವರು ನಾವು. ನನ್ನದರಲ್ಲಿ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು, ಸರ್‌ನೇಮ್ ಜಾಗದಲ್ಲಿ ನನ್ನ ಹೆಸರು ಕೂತಿತ್ತು. ಟ್ಯೂಟರ್ ಒಬ್ಬರು ಇಡೀ ಸೆಮಿಸ್ಟರ್ ನನ್ನನ್ನು "ಮಂಜುನಾಥ್" ಅಂತಲೇ ಕರೆದರು, ನಾನೂ ಸುಮ್ನೆ ಕೈ ಎತ್ತುತ್ತಿದ್ದೆ. ಅಪ್ಪನಿಗೆ ಹೇಳಿದರೆ "ಬಿಡೋ, ಫೀಸು ಕಟ್ಟಿದವನು ನಾನು, ಹಾಜರಿನೂ ನಂದೇ ಆಗಲಿ" ಅಂದುಬಿಟ್ಟರು. ಸ್ಟೂಡೆಂಟ್ ಪೋರ್ಟಲ್‌ನಲ್ಲಿ ಪ್ರಿಫರ್ಡ್ ನೇಮ್ ಅಂತ ಇರುತ್ತೆ ನೋಡಿ, ಮೊದಲ ದಿನವೇ ತುಂಬಿ. ಎರಡು ನಿಮಿಷದ ಕೆಲಸ.

ಈಗ ಮುಖ್ಯ ಮಾತು. ಇಲ್ಲಿ ಸಿಗುವ ಸಹಾಯ ಯಾರೋ ಕರುಣೆ ತೋರಿಸಿ ಕೊಡುತ್ತಿರೋದಲ್ಲ. ವಿದೇಶಿ ವಿದ್ಯಾರ್ಥಿಗಳಿಗಾಗಿ 2000ದಲ್ಲಿ ಬಂದ ಇಸಾಸ್ ಕಾಯ್ದೆ ಇದೆ, ಅದರಡಿ ಯೂನಿವರ್ಸಿಟಿಗಳು ಪಾಲಿಸಲೇಬೇಕಾದ ನಿಯಮಗಳ ಪಟ್ಟಿ, 2018ರ ನ್ಯಾಷನಲ್ ಕೋಡ್ ಇದೆ. ಓದಿಗೆ, ಇಲ್ಲಿ ಹೊಂದಿಕೊಳ್ಳೋದಕ್ಕೆ ಬೇಕಾದ ನೆರವನ್ನು ಬೇರೆ ದುಡ್ಡು ತಗೊಳ್ಳದೆ ಕೊಡಬೇಕು ಅಂತ ಅದರಲ್ಲೇ ಬರೆದಿದೆ. ನಿಮ್ಮ ಕೆಲಸಾನೂ ಇದೆ. ಬಂದಿಳಿದ 7 ದಿನದೊಳಗೆ ಮನೆ ವಿಳಾಸ ಯೂನಿವರ್ಸಿಟಿಗೆ ತಿಳಿಸಬೇಕು, ಕ್ಲಾಸ್ ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ. ಕ್ಯಾಶ್ ಕೊಡ್ತೀನಿ, ಲೆಕ್ಕಕ್ಕೆ ಬರಲ್ಲ ಅನ್ನೋ ಮಾಲೀಕನನ್ನು ನಂಬಬೇಡಿ, ಅವನು ನಮ್ಮ ಕಡೆಯವನೇ ಆದರೂ.

ನನ್ನ ಎರಡನೇ ಸೆಮಿಸ್ಟರಲ್ಲಿ ಅಜ್ಜಿ ತೀರಿಕೊಂಡರು. ಜುಲೈ ಚಳಿ, ಸಂಜೆ ಐದೂವರೆಗೆಲ್ಲ ಕತ್ತಲೆ, ಟಿಕೆಟ್‌ಗೆ ದುಡ್ಡಿಲ್ಲ. ಯಾರಿಗೂ ಹೇಳಲಿಲ್ಲ. ಹೇಗೋ ಗೀಚಿ ಅಸೈನ್‌ಮೆಂಟ್ ಕೊಟ್ಟೆ, ಫೇಲಾಯ್ತು. ಆಮೇಲೆ ಸ್ಟೂಡೆಂಟ್ ಸರ್ವಿಸ್ ಕೌಂಟರಿಗೆ ಹೋದೆ. ಅಲ್ಲಿದ್ದ ಹೆಂಗಸು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ, ಸ್ಪೆಷಲ್ ಕನ್ಸಿಡರೇಶನ್ (ಕಷ್ಟಕ್ಕೆ ಸಿಕ್ಕಾಗ ಪರೀಕ್ಷೆ, ಅಸೈನ್‌ಮೆಂಟ್‌ಗೆ ರಿಯಾಯಿತಿ ಕೇಳೋದು) ಅರ್ಜಿಯ ಗಡುವು ಮುಗಿದಿದ್ದ ತಾರೀಖಿನ ಮೇಲೆ ಬೆರಳಿಟ್ಟು, "ಅವತ್ತೇ ಯಾಕೆ ಬರಲಿಲ್ಲ?" ಅಂತ ಕೇಳಿದರು. ಬಯ್ದಿದ್ದರೆ ಪರವಾಗಿಲ್ಲ ಅನ್ನಿಸುತ್ತಿತ್ತು. ಜ್ವರ, ಸಾವು, ಅಪಘಾತ ಏನೇ ಆಗಲಿ, ಈ ಅರ್ಜಿಗೆ ಕೆಲವೇ ದಿನ ಸಮಯ ಇರುತ್ತೆ. ಡಾಕ್ಟರ್ ಚೀಟಿಯೋ ಬೇರೆ ಕಾಗದವೋ ಜೊತೆಗಿಡಬೇಕು. ಊರಿಂದ ಬರುವ ಕಾಗದ ಕನ್ನಡದಲ್ಲಿದ್ದರೆ ಅನುವಾದ ಮಾಡಿಸಬೇಕಾಗುತ್ತೆ, ಆ ಓಡಾಟವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಬರವಣಿಗೆ ಕಲಿಸೋಕೂ ಜನ ಇದ್ದಾರೆ, ಅಕಾಡೆಮಿಕ್ ಸ್ಕಿಲ್ಸ್ ಅಂತಾರೆ. ಜೆರಾಕ್ಸ್ ನೋಟ್ಸ್ ಓದಿ, ಸೀನಿಯರ್ ರೆಕಾರ್ಡ್ ನೋಡಿ ಬರೆದು ಪಾಸಾದವರು ನಾವು. ಇಲ್ಲಿ ಹಾಗೆ ಮಾಡಿದರೆ ನೇರ ವಿಚಾರಣೆಗೆ ಕರೆಯುತ್ತಾರೆ. ಇಂಗ್ಲಿಷ್ ಚೆನ್ನಾಗಿರೋರೂ ಒಂದು ಸಲ ಹೋಗಿಬನ್ನಿ.

ಕೌನ್ಸೆಲಿಂಗ್ ಅಂದರೆ ತಲೆಕೆಟ್ಟವರಿಗೆ ಅನ್ನೋದನ್ನು ಏರ್‌ಪೋರ್ಟಲ್ಲೇ ಬಿಟ್ಟು ಬನ್ನಿ. ಪುಕ್ಕಟೆ, ಮನೆಗೆ ಸುದ್ದಿ ಹೋಗಲ್ಲ. ಚಳಿಗಾಲದಲ್ಲಿ ಇಲ್ಲಿ ರಾತ್ರಿ ಹತ್ತಾದಾಗ ಊರಲ್ಲಿ ಸಂಜೆ ಐದೂವರೆ, ಅಮ್ಮನ ಹತ್ತಿರ "ಊಟ ಆಯ್ತಮ್ಮ, ಚೆನ್ನಾಗಿದೀನಿ" ಅಂತ ಸುಳ್ಳು ಹೇಳಿ ಹಾಸಿಗೆ ಸೇರುವವರು ಎಷ್ಟೋ ಜನ. ಆಸ್ಪತ್ರೆಯಲ್ಲೋ ಸರ್ಕಾರಿ ಆಫೀಸಲ್ಲೋ ಮಾತಿಗೆ ನೆರವು ಬೇಕಾದರೆ ದುಭಾಷಿ ಸೇವೆಯ ನಂಬರ್ 131450. ಇಂಡಿಯನ್ ಅಂದ ತಕ್ಷಣ ಹಿಂದಿಯವರನ್ನು ಕರೆಸಿಬಿಡ್ತಾರೆ, ಕನ್ನಡ ಬೇಕು ಅಂತ ಗಟ್ಟಿಯಾಗಿ ಹೇಳಿ.

ಬಣ್ಣ, ಉಚ್ಚಾರಣೆ ನೋಡಿ ಯಾರಾದರೂ ಅಂದರೆ, ಆಡಿದರೆ, ತಾರೀಖು, ಜಾಗ, ಹೇಳಿದ ಮಾತು ಅವತ್ತೇ ಬರೆದಿಡಿ. 2009ರಲ್ಲಿ ಇದೇ ಊರಲ್ಲಿ ನಮ್ಮ ಹುಡುಗರ ಮೇಲೆ ಹಲ್ಲೆ ಆದಾಗ ಸಾವಿರಾರು ಜನ ಬೀದಿಗಿಳಿದಿದ್ದರು. ಈಗ ದೂರು ಕೊಡೋಕೆ ದಾರಿ ಇದೆ. ಮೊದಲು ಯೂನಿವರ್ಸಿಟಿಯಲ್ಲಿ ಕೊಡಿ. ಅಲ್ಲಿ ಸರಿಯಾಗದಿದ್ದರೆ ವಿದ್ಯಾರ್ಥಿಗಳ ದೂರು ವಿಚಾರಿಸೋ ನ್ಯಾಷನಲ್ ಸ್ಟೂಡೆಂಟ್ ಒಂಬುಡ್ಸ್‌ಮನ್ ಇದ್ದಾರೆ, ಈ ವ್ಯವಸ್ಥೆ 2025ರ ಫೆಬ್ರವರಿ 1ರಿಂದ ಶುರುವಾಗಿದೆ. ದೂರು ಕೊಟ್ಟರೆ ವೀಸಾ ಹೋಗುತ್ತೆ ಅನ್ನೋದು ರೂಮ್‌ಮೇಟ್‌ಗಳ ಗಾಳಿಮಾತು.

ನಮ್ಮವರ ಬಗ್ಗೆಯೂ ಒಂದು ಮಾತು, ಬೇಜಾರಾದರೂ ಸರಿ. ರೂಮ್ ಹುಡುಕೋವಾಗ "ನೀವು ಯಾವ ಜನ?" ಅಂತ ಕೇಳುವ ಕನ್ನಡಿಗರು ಸಿಗುತ್ತಾರೆ. ಉತ್ತರ ಕೊಡಬೇಕಾಗಿಲ್ಲ. ನನ್ನ ಮೊದಲ ಮನೆಯಲ್ಲಿ ಒಬ್ಬ ನೇಪಾಳಿ, ಒಬ್ಬ ವಿಯೆಟ್ನಾಮಿನವ ಇದ್ದರು. ನನ್ನ ಹುಳಿಯನ್ನ ತಿಂದು "ಇದೇನು ಸೂಪಾ?" ಅಂತ ಕೇಳಿದ ವಿಯೆಟ್ನಾಮಿನವ ಈಗಲೂ ಯುಗಾದಿಗೆ ಮನೆಗೆ ಬರುತ್ತಾನೆ.

ಓರಿಯೆಂಟೇಶನ್ ವಾರ ಮಾತ್ರ ತಪ್ಪಿಸಬೇಡಿ. ಟಿಕೆಟ್ ಸ್ವಲ್ಪ ಅಗ್ಗ ಅಂತ ಒಂದು ವಾರ ತಡವಾಗಿ ಬರ್ತಾರೆ, ಆಮೇಲೆ ಯಾವ ಕೌಂಟರ್ ಎಲ್ಲಿದೆ ಅಂತ ನನಗೆ ಫೋನ್ ಮಾಡ್ತಾರೆ.