ಬಣ್ಣದ ಕೋಳಿ: ಜೋಡಿ ಹಾಕುವುದರಿಂದ ಪ್ರದರ್ಶನದವರೆಗೆ

ಅಂದದ ಕೋಳಿ ಸಾಕಬೇಕು ಅನ್ನುವ ಆಸೆ ಬಂದ ಕೂಡಲೇ ಹೆಚ್ಚಿನವರು ಸಿಲ್ಕಿ, ಪೋಲಿಷ್, ಕೊಚಿನ್, ಬ್ರಹ್ಮ ಅಂತ ಸಿಕ್ಕಿದ್ದೆಲ್ಲ ತಂದು ಒಂದೇ ಗೂಡಿಗೆ ಬಿಡುತ್ತಾರೆ. ನೋಡೋಕೆ ಚೆಂದವೇ. ಆದರೆ ಅವುಗಳಿಗೆ ಹುಟ್ಟುವ ಮರಿಗಳು ಯಾವ ತಳಿಗೂ ಸೇರುವುದಿಲ್ಲ, ಪ್ರದರ್ಶನಕ್ಕೆ ಇಡಲಂತೂ ಆಗುವುದೇ ಇಲ್ಲ. ಹಾಗಾಗಿ ಒಂದೇ ತಳಿ, ಒಂದೇ ಬಣ್ಣ ಹಿಡಿದು ಶುರು ಮಾಡಿ. ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮುಂದೆ ಹೇಳುವುದೆಲ್ಲ ಆ ಪುಸ್ತಕ ಇದ್ದರೆ ಮಾತ್ರ ನಡೆಯುವ ಕೆಲಸ.

ಜೋಡಿ ಹಾಕುವ ಮುಂಚೆ

ನಿಮ್ಮ ತಳಿಯ ಮಾನದಂಡವನ್ನು ಓದಿ. ಎತ್ತರ, ಬಾಲದ ಕೋನ, ಕಾಲಿನ ಬಣ್ಣ, ಕಣ್ಣಿನ ಬಣ್ಣ ಎಲ್ಲವೂ ಅದರಲ್ಲಿರುತ್ತದೆ. ಬ್ರಿಟನ್ನಿನಲ್ಲಿ 1865ರಲ್ಲಿ, ಅಮೆರಿಕದಲ್ಲಿ 1874ರಲ್ಲಿ ಇಂಥ ಪುಸ್ತಕ ಬಂತು. ತೀರ್ಪುಗಾರರು ಇವತ್ತಿಗೂ ಇಂಥ ಮಾನದಂಡವನ್ನು ಇಟ್ಟುಕೊಂಡೇ ಅಂಕ ಕೊಡುತ್ತಾರೆ. ಸಿಲ್ಕಿಗೆ ಐದು ಬೆರಳು, ಕಪ್ಪು ಚರ್ಮ ಇರಲೇಬೇಕು. ನಾಲ್ಕೇ ಬೆರಳಿದ್ದರೆ ಪುಕ್ಕ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಆಮೇಲೆ ಒಂದು ಹುಂಜ, ಮೂರ್ನಾಲ್ಕು ಹೇಂಟೆ ಆರಿಸಿ. ಬಾಲ ಒಂದು ಪಕ್ಕಕ್ಕೆ ವಾಲಿರುವುದು, ಕೆಂಪು ಜುಟ್ಟಿನ ಪಕ್ಕದಲ್ಲಿ ಚಿಕ್ಕ ಮೊಳಕೆಯಂತೆ ಮಾಂಸ ಬಂದಿರುವುದು, ರೆಕ್ಕೆಯ ಗರಿಗಳ ಮಧ್ಯೆ ಬಿರುಕು, ಬೋಳು ಕಾಲಿನ ತಳಿಯಲ್ಲಿ ಕಾಲ ಮೇಲೆ ಗರಿ: ಇಂಥವನ್ನು ಜೋಡಿಗೆ ಹಾಕಬೇಡಿ. ಎಲ್ಲ ರೀತಿಯಲ್ಲೂ ಸರಿಯಿರುವ ಹಕ್ಕಿ ಸಿಗುವುದು ಕಷ್ಟ, ನಿಜ. ಆದರೆ ಒಂದೇ ದೋಷ ಹುಂಜದಲ್ಲೂ ಹೇಂಟೆಯಲ್ಲೂ ಇರುವ ಜೋಡಿ ಮಾತ್ರ ಬೇಡವೇ ಬೇಡ. ಹುಂಜದ ಆಯ್ಕೆಗೆ ಜಾಸ್ತಿ ಸಮಯ ಕೊಡಿ, ಯಾಕೆಂದರೆ ಆ ಗೂಡಿನ ಪ್ರತಿ ಮರಿಯಲ್ಲೂ ಅರ್ಧ ಅದೇ ಇರುತ್ತದೆ.

ಇನ್ನೊಂದು ಮುಖ್ಯ ವಿಷಯ. ಬೇರೆ ಹುಂಜದ ಜೊತೆಗಿದ್ದ ಹೇಂಟೆಯನ್ನು ತಂದು ನಿಮ್ಮ ಹುಂಜದ ಹತ್ತಿರ ಬಿಟ್ಟ ತಕ್ಷಣ ಮೊಟ್ಟೆ ಕಾವಿಗಿಡಬೇಡಿ. ಹಳೆಯ ಹುಂಜದ ವೀರ್ಯ ಹೇಂಟೆಯ ಹೊಟ್ಟೆಯಲ್ಲಿ ಎರಡು ವಾರ, ಕೆಲವೊಮ್ಮೆ ಅದಕ್ಕೂ ಜಾಸ್ತಿ ದಿನ ಉಳಿದಿರುತ್ತದೆ. ಮೊದಲು ಮೂರು ವಾರ ಅದನ್ನು ಬೇರೆ ಇಡಿ. ಆಮೇಲೆ ಹುಂಜದ ಜೊತೆ ಬಿಡಿ.

ಬಣ್ಣದ ಲೆಕ್ಕ

ಹೊಸಬರು ಜಾಸ್ತಿ ಗಲಿಬಿಲಿಯಾಗುವುದು ನೀಲಿ ಕೋಳಿಯಲ್ಲಿ. ಆಂಡಲೂಸಿಯನ್ ತಳಿಯ ಬೂದಿ ನೀಲಿ ಬಣ್ಣ ನೋಡಿದವರಿಗೆ ಅದು ಬೇಕೇ ಬೇಕು ಅನಿಸುತ್ತದೆ. ಎರಡೂ ನೀಲಿ ಹಕ್ಕಿಗಳನ್ನೇ ಜೋಡಿ ಹಾಕಿದರೆ ಮರಿಗಳೆಲ್ಲ ನೀಲಿ ಬರಬೇಕಲ್ವಾ? ಬರುವುದಿಲ್ಲ. ಸುಮಾರು ಅರ್ಧ ನೀಲಿ, ಕಾಲು ಭಾಗ ಕಪ್ಪು, ಉಳಿದ ಕಾಲು ಭಾಗ ಬಿಳಿ ಮೇಲೆ ನೀಲಿ ಚುಕ್ಕೆಯ ಸ್ಪ್ಲ್ಯಾಶ್. ಕಪ್ಪನ್ನು ತಿಳಿಯಾಗಿಸುವ ಜೀನ್ ಒಂದು ಪ್ರತಿ ಇದ್ದರೆ ನೀಲಿ, ಎರಡು ಪ್ರತಿ ಇದ್ದರೆ ಸ್ಪ್ಲ್ಯಾಶ್, ಅಷ್ಟೇ. ಹಾಗಾಗಿ ಎಲ್ಲ ಮರಿಗಳೂ ನೀಲಿಯೇ ಬೇಕೆಂದರೆ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಸ್ಪ್ಲ್ಯಾಶ್ ಇರಲಿ. ನೀಲಿಗೆ ಕಪ್ಪು ಹಾಕಿದರೆ ಅರ್ಧ ನೀಲಿ, ಅರ್ಧ ಕಪ್ಪು. ಆದ್ದರಿಂದ ಕಪ್ಪು ಮರಿ ಬಂತು ಅಂತ ಬೇಸರ ಮಾಡಿಕೊಂಡು ಒಳ್ಳೆ ಮೈಕಟ್ಟಿನ ಕಪ್ಪು ಹೇಂಟೆಯನ್ನು ಕೊಟ್ಟುಬಿಡಬೇಡಿ, ಮುಂದಿನ ತಲೆಮಾರಿನ ನೀಲಿ ಅದರಿಂದಲೇ ಬರುತ್ತದೆ.

ಗುಂಗುರು ಪುಕ್ಕದ ಫ್ರಿಝಲ್‌ನಲ್ಲೂ ಇದೇ ಲೆಕ್ಕ, ಆದರೆ ತಪ್ಪಿದರೆ ಹಕ್ಕಿಗೇ ಕಷ್ಟ. ಫ್ರಿಝಲ್‌ಗೆ ಫ್ರಿಝಲ್ ಹಾಕಿದರೆ ಕಾಲು ಭಾಗ ಮರಿಗಳ ಪುಕ್ಕ ಸುಮ್ನೆ ಮುರಿದು ಮೈ ಬೋಳಾಗಿ, ಚಳಿ ತಡೆಯಲಾಗದೆ ನರಳುತ್ತವೆ. ಒಂದು ಕಡೆ ಸಾದಾ ಪುಕ್ಕದ ಹಕ್ಕಿಯನ್ನೇ ಇಡಿ. ಗಿಡ್ಡ ಕಾಲಿನ ಜಪಾನೀಸ್ ಬ್ಯಾಂಟಮ್ (ಪುಟ್ಟ ಗಾತ್ರದ ಕೋಳಿ)ಗಳಲ್ಲಿ ಎರಡೂ ಗಿಡ್ಡ ಕಾಲಿನವಾದರೆ ಕಾಲು ಭಾಗ ಮರಿಗಳು ಮೊಟ್ಟೆಯೊಳಗೇ ಸಾಯುತ್ತವೆ. ಅಲ್ಲಿಯೂ ಒಂದು ಉದ್ದ ಕಾಲಿನದಿರಲಿ.

ಪಟ್ಟೆ ಪಟ್ಟೆ ಬಾರ್ಡ್ ಪ್ಲಿಮತ್ ರಾಕ್‌ನಲ್ಲಿ ಪಟ್ಟೆಯ ಜೀನ್ ಹುಂಜಕ್ಕೆ ಎರಡು, ಹೇಂಟೆಗೆ ಒಂದೇ. ಅದಕ್ಕೇ ಹುಂಜ ಸಾಮಾನ್ಯವಾಗಿ ತಿಳಿ, ಹೇಂಟೆ ಗಾಢ. ಪ್ರದರ್ಶನಕ್ಕೆ ಎರಡೂ ಒಂದೇ ಛಾಯೆಯಲ್ಲಿ ಬೇಕೆಂದು ಹುಂಜಕ್ಕೊಂದು ವಂಶ, ಹೇಂಟೆಗೊಂದು ವಂಶ ಬೇರೆ ಬೇರೆ ಬೆಳೆಸುವವರಿದ್ದಾರೆ. ಅದಕ್ಕೆ ಜಾಗವೂ ಬೇಕು, ತಾಳ್ಮೆಯೂ ಬೇಕು. ಮೊದಲ ತಳಿಯಾಗಿ ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ಮೊಟ್ಟೆ, ಮರಿ

ಇಟ್ಟು ಒಂದು ವಾರ ದಾಟದ ಮೊಟ್ಟೆ ಆರಿಸಿ, ಯಾವ ಜೋಡಿಯದು ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಮೊಟ್ಟೆಗೆ ಕಾವು ಕೊಡುವ, ಫ್ಯಾನ್ ಇರುವ ಇನ್‌ಕ್ಯುಬೇಟರ್ ಆದರೆ 37.5 ಡಿಗ್ರಿ ಸೆಲ್ಸಿಯಸ್. 18ನೇ ದಿನ ಮೊಟ್ಟೆ ತಿರುಗಿಸುವುದು ನಿಲ್ಲಿಸಿ ತೇವ ಹೆಚ್ಚಿಸಿ. 21ನೇ ದಿನದ ಹೊತ್ತಿಗೆ ಮರಿ ಬರುತ್ತದೆ, ಬ್ಯಾಂಟಮ್‌ಗಳದು ಒಂದು ದಿನ ಮುಂಚೆಯೂ ಆಗಬಹುದು. ಮರಿ ಒಣಗಿದ ಕೂಡಲೇ ಕಾಲಿಗೆ ರಿಂಗ್ ಹಾಕಿ ನಂಬರ್ ಬರೆದುಕೊಳ್ಳಿ. ಬೆಳೆದಂತೆ ರಿಂಗ್ ಬದಲಾಯಿಸಿ, ಇಲ್ಲದಿದ್ದರೆ ಕಾಲಿಗೆ ಕಚ್ಚಿಕೊಳ್ಳುತ್ತದೆ.

ಬೆರಳು, ಕೊಕ್ಕು, ಬಾಲದ ದೋಷ ಬೇಗ ಕಾಣುತ್ತದೆ. ಬಣ್ಣವನ್ನು ಮಾತ್ರ ಮರಿಯ ಪುಕ್ಕ ನೋಡಿ ತೀರ್ಮಾನ ಮಾಡಬೇಡಿ, ದೊಡ್ಡ ಪುಕ್ಕ ಪೂರ್ತಿ ಬರುವವರೆಗೆ ಕಾಯಬೇಕು. ಬ್ರಹ್ಮ, ಕೊಚಿನ್‌ನಂಥ ದೊಡ್ಡ ತಳಿಗಳಿಗೆ ಇನ್ನೂ ಜಾಸ್ತಿ ಸಮಯ ಬೇಕು.

ಪುಕ್ಕ ಕಾಪಾಡುವುದು

ಬಿಸಿಲು ಬಣ್ಣದ ಶತ್ರು. ಬಿಳಿ ಹಕ್ಕಿ ಬಿಸಿಲಿಗೆ ಹಳದಿ ತಿರುಗುತ್ತದೆ, ಹೊಂಬಣ್ಣದ್ದು ಮಾಸುತ್ತದೆ. ನೆರಳಿನ ಗೂಡು ಕೊಡಿ. ಬಿಳಿ ಹಕ್ಕಿಗಳಿಗೆ ಹಳದಿ ಜೋಳ ಕಡಿಮೆ ಮಾಡಿ. ಪೋಲಿಷ್‌ನ ಗರಿಜುಟ್ಟು ನೀರಿಗೆ ಅದ್ದಿ ಕೊಳೆಯಾಗದಂತೆ ನಿಪ್ಪಲ್‌ನಿಂದ ನೀರು ಕುಡಿಸಿ. ಸಿಲ್ಕಿಯ ಪುಕ್ಕ ನೀರು ತಡೆಯುವುದಿಲ್ಲ, ಮಳೆಗೆ ಬಿಡಲೇಬಾರದು. ಕಾಲಲ್ಲಿ ಗರಿ ಇರುವ ತಳಿಗೆ ಒಣ ನೆಲವೇ ಮುಖ್ಯ. ಜೋಡಿಯ ಕೆಲಸ ಮುಗಿದ ಮೇಲೆ ಹುಂಜವನ್ನು ಬೇರೆ ಮಾಡಿ, ಇಲ್ಲವಾದರೆ ಹೇಂಟೆಯ ಬೆನ್ನಿನ ಗರಿ ಉಳಿಯುವುದಿಲ್ಲ. ಮುರಿದ ಗರಿ ಮುಂದಿನ ಸಲ ಪುಕ್ಕ ಉದುರುವವರೆಗೂ ಹಾಗೇ ಇರುತ್ತದೆ. ಗರಿಯ ಬಹುಪಾಲು ಪ್ರೋಟೀನೇ ಆದ್ದರಿಂದ ಪುಕ್ಕ ಉದುರಿ ಹೊಸದು ಬರುವ ಕಾಲದಲ್ಲಿ ಪ್ರೋಟೀನ್ ಜಾಸ್ತಿ ಇರುವ ಆಹಾರ ಕೊಡಿ.

ಪ್ರದರ್ಶನದ ಹೊತ್ತಿಗೆ

ಒಂದೆರಡು ವಾರ ಮುಂಚೆಯೇ ಹಕ್ಕಿಯನ್ನು ಆಗಾಗ ಪಂಜರದಲ್ಲಿಟ್ಟು, ಕೈಯಲ್ಲಿ ಹಿಡಿದು ರೂಢಿ ಮಾಡಿಸಿ. ಹೆದರಿ ಮೂಲೆಗೆ ಒತ್ತಿಕೊಂಡ ಹಕ್ಕಿಯ ಮೈಕಟ್ಟು ಯಾರಿಗೂ ಕಾಣುವುದಿಲ್ಲ. ಎರಡು ಮೂರು ದಿನ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ಮೆದು ಸೋಪು ಹಾಕಿ, ಗರಿ ಬೆಳೆದ ದಿಕ್ಕಿನಲ್ಲೇ ಕೈಯಾಡಿಸಿ ತೊಳೆಯಿರಿ. ಎರಡು ಸಲ ಒಳ್ಳೆ ನೀರಲ್ಲಿ ಅದ್ದಿ ಸೋಪು ಪೂರ್ತಿ ತೆಗೆಯಿರಿ, ಚಳಿ ಹಿಡಿಯದಂತೆ ಒಣಗಿಸಿ. ಕೆಂಪು ಜುಟ್ಟಿಗೆ, ಕಾಲಿಗೆ ತೆಳ್ಳಗೆ ವ್ಯಾಸಲೀನ್ ಸಾಕು.

ವಾಪಸ್ ಬಂದ ಹಕ್ಕಿಯನ್ನು ನೇರ ಗೂಡಿಗೆ ಬಿಡಬೇಡಿ. ಕೊಕ್ಕರೆ ರೋಗ, ಹೇನು, ನೆಗಡಿ ಯಾವುದು ಅಂಟಿಕೊಂಡು ಬಂದಿದೆಯೋ ಗೊತ್ತಾಗುವುದಿಲ್ಲ. ಕನಿಷ್ಠ ಮೂರು ನಾಲ್ಕು ವಾರ ದೂರದಲ್ಲಿಟ್ಟು, ಉಳಿದವಕ್ಕೆ ಕಾಳು ನೀರು ಹಾಕಿದ ಮೇಲೆ ಕೊನೆಯಲ್ಲಿ ಅದರ ಹತ್ತಿರ ಹೋಗಿ. ತಂದ ಪಂಜರವನ್ನು ತೊಳೆದು ಬಿಸಿಲಿಗೆ ಒಣಗಿಸಿ.