ಟೂರಿನಲ್ಲಿ ನಾನು ಮತ್ತು ನನ್ನ ಪಿಟೀಲು

ಟೂರು ಅಂದರೆ ದಿನವೆಲ್ಲ ಸಂಗೀತ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನುಡಿಸುವುದು ಎರಡು ಗಂಟೆ. ಮಿಕ್ಕಿದ್ದೆಲ್ಲ ಪ್ರಯಾಣ, ಕಾಯುವುದು, ಸಾಮಾನು ಇಳಿಸುವುದು, ಮತ್ತೆ ಏರಿಸುವುದು. ನಾನು ಬ್ಯಾಂಡಿನಲ್ಲಿ ಪಿಟೀಲು ನುಡಿಸುತ್ತೇನೆ. ಟೂರಿನಲ್ಲಿ ಕೈ ಸುಧಾರಿಸುತ್ತದೆ ಅನ್ನುವ ಭ್ರಮೆ ನನಗಿಲ್ಲ. ಹೊರಡುವಾಗ ಕೈ, ಕಿವಿ, ವಾದ್ಯ ಹೇಗಿದ್ದವೋ ಕೊನೆಯ ಕಾರ್ಯಕ್ರಮದ ತನಕ ಹಾಗೇ ಇದ್ದರೆ ಸಾಕು.

ಮೂರರಲ್ಲಿ ಜಾಸ್ತಿ ಕಾಡುವುದು ವಾದ್ಯ. ಪಿಟೀಲಿನ ಮರಕ್ಕೆ ತೇವಾಂಶ ಶೇ. 40ರಿಂದ 60ರ ಒಳಗಿದ್ದರೆ ಹಿತ. ಹೋಟೆಲ್ ರೂಮಿನ ಏಸಿಯೋ ಹೀಟರೋ ರಾತ್ರಿಯಿಡೀ ಓಡಿದರೆ ಗಾಳಿ ಒಣಗುತ್ತದೆ, ಮರ ಕುಗ್ಗುತ್ತದೆ, ಬೆಳಗ್ಗೆ ನೋಡಿದರೆ ಶ್ರುತಿ ಮಾಡಲು ತಿರುಗಿಸುವ ಬಿರಡೆಗಳು ಸಡಿಲಾಗಿ ತಂತಿಗಳು ಜೋತುಬಿದ್ದಿರುತ್ತವೆ. ಸಮುದ್ರದ ಪಕ್ಕದ ಊರಿಗೆ ಹೋದರೆ ಇದರ ಉಲ್ಟಾ. ಬಿರಡೆ ಉಬ್ಬಿ ಅಲುಗಾಡುವುದೇ ಇಲ್ಲ. ಅದಕ್ಕೇ ಪೆಟ್ಟಿಗೆಯೊಳಗೆ ತೇವಾಂಶ ತೋರಿಸುವ ಪುಟ್ಟ ಮೀಟರ್ ಇಟ್ಟಿದ್ದೇನೆ. ಪೆಟ್ಟಿಗೆ ತೆರೆದೇ ಬಿಡುವ ಅಭ್ಯಾಸ ಮನೆಯಲ್ಲಿ ನಡೆಯುತ್ತದೆ, ರೂಮಿನಲ್ಲಿ ನಡೆಯುವುದಿಲ್ಲ.

ವಿಮಾನ ಹತ್ತುವ ಮುಂಚೆ ತಂತಿಗಳನ್ನೆಲ್ಲ ಪೂರ್ತಿ ಸಡಿಲಿಸು ಅಂತ ಯಾರಾದರೂ ಸಲಹೆ ಕೊಡುತ್ತಲೇ ಇರುತ್ತಾರೆ. ಗಿಟಾರಿನ ಮಾತು ಬೇರೆ, ಪಿಟೀಲಿಗೆ ಅದು ಕೆಟ್ಟ ಸಲಹೆ. ಪಿಟೀಲಿನ ಹೊಟ್ಟೆಯೊಳಗೆ, ಕುದುರೆಯ (ತಂತಿಗಳನ್ನು ಹೊತ್ತು ನಿಂತ ಮರದ ತುಂಡು) ಒಂದು ಕಾಲಿನ ಹಿಂದೆ, ಬೆರಳು ಗಾತ್ರವೂ ಇಲ್ಲದ ಒಂದು ಮರದ ಕಡ್ಡಿ ನಿಂತಿರುತ್ತದೆ. ಸೌಂಡ್‌ಪೋಸ್ಟ್ ಅಂತಾರೆ. ಅದಕ್ಕೆ ಅಂಟು ಹಾಕಿರುವುದಿಲ್ಲ. ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಂಡು, ತಂತಿಯ ಒತ್ತಡದಿಂದಲೇ ಭದ್ರವಾಗಿರುತ್ತದೆ. ನಾಲ್ಕೂ ತಂತಿ ಸಡಿಲವಾದರೆ ಅದು ಬಿದ್ದುಹೋಗಬಹುದು. ಬಿದ್ದರೆ ಮತ್ತೆ ನಿಲ್ಲಿಸುವುದಕ್ಕೆ ವಿಶೇಷ ಸಲಕರಣೆ ಬೇಕು, ಪಳಗಿದ ಕೈ ಬೇಕು. ಸಂಜೆ ಕಾರ್ಯಕ್ರಮ ಇಟ್ಟುಕೊಂಡು ಅಂಥವರನ್ನು ಎಲ್ಲಿ ಹುಡುಕುವುದು? ಹಾಗಾಗಿ ತಂತಿ ಬದಲಾಯಿಸುವಾಗಲೂ ಒಂದೊಂದೇ ಬಿಚ್ಚಿ, ಒಂದೊಂದೇ ಕಟ್ಟುತ್ತೇನೆ. ತಂತಿಯ ಮೇಲೆ ಎಳೆಯುವ ಕಮಾನನ್ನು ಮಾತ್ರ ನುಡಿಸಿದ ತಕ್ಷಣ ಸಡಿಲಿಸಿಯೇ ಇಡುತ್ತೇನೆ.

ಜೊತೆಗೆ ಒಯ್ಯುವ ತಂತಿಗಳು ಹೊಸವಲ್ಲ. ಹೊಸ ತಂತಿ ಎಳೆದುಕೊಳ್ಳುವ ತನಕ ಶ್ರುತಿ ಇಳಿಯುತ್ತಲೇ ಇರುತ್ತದೆ. ಹೊರಡುವ ಮುಂಚೆ ಮನೆಯಲ್ಲೇ ಕಟ್ಟಿ, ಕೆಲವು ದಿನ ನುಡಿಸಿ, ಬಿಚ್ಚಿ ಕವರಿನಲ್ಲಿ ಇಟ್ಟುಕೊಳ್ಳುತ್ತೇನೆ. ವೇದಿಕೆ ಮೇಲೆ ತಂತಿ ಕಿತ್ತರೆ ಆ ಹಳೆಯದೇ ಕೈ ಹಿಡಿಯುವುದು.

ಪಿಟೀಲು ಯಾವತ್ತೂ ನನ್ನ ಜೊತೆಗೇ, ಕ್ಯಾಬಿನ್‌ನಲ್ಲೇ. ಅಮೆರಿಕದಲ್ಲಿ 2015ರಿಂದ ಇದಕ್ಕೊಂದು ನಿಯಮವೇ ಇದೆ. ಹತ್ತುವ ಹೊತ್ತಿಗೆ ಮೇಲಿನ ಗೂಡಿನಲ್ಲಿ ಜಾಗ ಇದ್ದರೆ ಸಣ್ಣ ವಾದ್ಯವನ್ನು ಒಳಗೆ ಬಿಡಲೇಬೇಕು. ಗಮನಿಸಿ, ‘ಜಾಗ ಇದ್ದರೆ’. ಅದಕ್ಕೇ ಕ್ಯೂನಲ್ಲಿ ಆದಷ್ಟು ಮುಂದೆ ನಿಲ್ಲುತ್ತೇನೆ. ಬಿಡಿ ಲಿಥಿಯಂ ಬ್ಯಾಟರಿಗಳೂ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವ ಹಾಗಿಲ್ಲ. ಕೆಲವು ಹಳೆಯ ಕಮಾನುಗಳ ತುದಿಗೆ ಆನೆದಂತ ಇರುತ್ತದೆ. ಅಂಥದ್ದನ್ನು ಗಡಿ ದಾಟಿಸಲು ಹೋದರೆ ಕಸ್ಟಮ್ಸ್‌ನವರು ಕಿತ್ತುಕೊಳ್ಳಬಹುದು. ನಾನು ಟೂರಿಗೆ ಕಾರ್ಬನ್ ಫೈಬರ್ ಕಮಾನು ತಗೊಂಡು ಹೋಗುತ್ತೇನೆ. ನಾದ ಸ್ವಲ್ಪ ಕಮ್ಮಿ, ನೆಮ್ಮದಿ ಜಾಸ್ತಿ.

ವೇದಿಕೆಯ ನಕ್ಷೆ, ಯಾರಿಗೆ ಯಾವ ಮೈಕು, ಯಾರಿಗೆ ಯಾವ ಮಾನಿಟರ್ (ನುಡಿಸುವವರಿಗೇ ಕೇಳಿಸಲು ಇಡುವ ಸ್ಪೀಕರ್), ಇದೆಲ್ಲ ಮುಂಚೆಯೇ ಕಳಿಸಿರುತ್ತೇವೆ. ಅದನ್ನು ಅಲ್ಲಿನವರು ಓದಿರುತ್ತಾರೆ ಅನ್ನುವ ಭರವಸೆ ಇಟ್ಟುಕೊಂಡಿಲ್ಲ. ಒಂದು ಪ್ರಿಂಟ್ ಜೇಬಿನಲ್ಲಿ ಇರುತ್ತದೆ. ಪಿಟೀಲಿನ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಪಿಕಪ್‌ಗೆ ಬೇಕಾದ ಪ್ರೀಆಂಪ್ (ಆ ಸಿಗ್ನಲ್ ಹದಮಾಡುವ ಬಾಕ್ಸ್), ಕೇಬಲ್ ನನ್ನವೇ. ಪೀಜೋ ಅನ್ನುವ ಈ ಬಗೆಯ ಪಿಕಪ್ಪನ್ನು ಸಿಕ್ಕಿದ ಬಾಕ್ಸಿಗೆ ಚುಚ್ಚಿದರೆ ನಾದ ತೆಳ್ಳಗೆ, ಕೀರಲಾಗಿ ಕೇಳುತ್ತದೆ. ಸೌಂಡ್‌ಚೆಕ್‌ನಲ್ಲಿ ಸುಮ್ನೆ ಸ್ವರ ಎಳೆಯುತ್ತಾ ಕೂರುವುದಿಲ್ಲ. ಆ ದಿನದ ಅತಿ ಜೋರಿನ ಸಾಲು, ಅತಿ ಮೆತ್ತನೆಯ ಸಾಲು ಎರಡನ್ನೂ ನುಡಿಸುತ್ತೇನೆ. ಸ್ಪೀಕರಿನ ಸದ್ದು ಪಿಟೀಲಿಗೇ ವಾಪಸು ಬಂದು ಊಳಿಡುವುದಿದ್ದರೆ ಆಗಲೇ ಗೊತ್ತಾಗುತ್ತದೆ. ಪಿಟೀಲಿನ ಹೊಟ್ಟೆಯ ಗಾಳಿ ಸುಮಾರು 280 ಹರ್ಟ್ಜ್ ಆಸುಪಾಸಿನಲ್ಲಿ ತಾನಾಗೇ ಗುಂಯ್‌ಗುಡುತ್ತದೆ. ಸೌಂಡ್ ಎಂಜಿನಿಯರಿಗೆ ಅಲ್ಲಿ ಸ್ವಲ್ಪ ಇಳಿಸಿ ಅಂದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಇನ್ನು ಕಿವಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು ಅಂತ ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬಲ್ ಏರಿದಂತೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಆದರೆ 15 ನಿಮಿಷ ಮಾತ್ರ. ನಮ್ಮ ಡ್ರಮ್ಮರ್ ಪಕ್ಕದಲ್ಲಿ ಆ 15 ನಿಮಿಷ ಮೊದಲೆರಡು ಮೂರು ಹಾಡಿಗೇ ಮುಗಿದಿರುತ್ತದೆ. ಅದೂ ಅಲ್ಲದೆ ಎಡಗಿವಿಗೆ ಪಿಟೀಲೇ ಅಂಟಿಕೊಂಡಿರುತ್ತದೆ ಅಲ್ವಾ? ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಹಾಕುತ್ತೇನೆ. ಫೋಮಿನದು ಮೇಲಿನ ಸ್ವರಗಳನ್ನು ನುಂಗಿಬಿಡುತ್ತದೆ, ಇದು ಎಲ್ಲವನ್ನೂ ಹೆಚ್ಚುಕಮ್ಮಿ ಒಂದೇ ಸಮ ತಗ್ಗಿಸುತ್ತದೆ. ಅಭ್ಯಾಸವಾಗಲು ಒಂದಷ್ಟು ದಿನ ಬೇಕು. ಕಾರ್ಯಕ್ರಮ ಮುಗಿದ ಮೇಲೆ ವ್ಯಾನಿನಲ್ಲಿ ಹಾಡು ಹಾಕುವ ಹಾಗಿಲ್ಲ ಅಂತ ನಮ್ಮಲ್ಲೊಂದು ಕಟ್ಟಳೆಯೂ ಇದೆ. ಆರಂಭದಲ್ಲಿ ಎಲ್ಲರೂ ಗೊಣಗಿದರು.

ರೂಮಿನಲ್ಲಿ ಸಾಧನೆ ಮಾಡುವಾಗ ಕುದುರೆಗೆ ಸದ್ದು ತಗ್ಗಿಸುವ ರಬ್ಬರ್ ಮ್ಯೂಟ್ ಸಿಕ್ಕಿಸುತ್ತೇನೆ. ಪಕ್ಕದ ರೂಮಿನವರು ಮಲಗಲಿ. ಹೊಸದೇನೂ ಕಲಿಯಲು ಹೋಗುವುದಿಲ್ಲ. ನಿಧಾನಕ್ಕೆ ಸ್ವರಗಳು, ಹಿಂದಿನ ರಾತ್ರಿ ಎಡವಟ್ಟಾದ ಜಾಗ, ಅಷ್ಟೇ. ಆಮೇಲೆ ಫೋನ್ ಬದಿಗಿಟ್ಟು ಮಲಗುತ್ತೇನೆ. ವ್ಯಾನು ಬರುವ ಹೊತ್ತು ಮಾತ್ರ ಎಲ್ಲರಿಗೂ ಅರ್ಧ ಗಂಟೆ ಮುಂಚೆಯದ್ದನ್ನೇ ಹೇಳಿರುತ್ತೇವೆ. ಇದು ಎಲ್ಲರಿಗೂ ಗೊತ್ತು, ಆದರೂ ಕೆಲಸ ಮಾಡುತ್ತದೆ.