ಕೊಡತಿಗೆ ದನಿ ಕೊಟ್ಟ ಕಲ್ಲು

ಬಳ್ಳಾರಿಯ ನಮ್ಮ ಮನೆ ಪಡಸಾಲೆಯಲ್ಲಿ ಪ್ರತಿ ಭಾನುವಾರ ಸಂಜೆ ಓಣಿಯ ಐದಾರು ಮಕ್ಕಳು ಸೇರುತ್ತಾರೆ. ದಾಳ, ಕಾಗದ, ಪೆನ್ಸಿಲ್ಲು ಇಟ್ಟುಕೊಂಡು ನಾವೇ ಕಟ್ಟಿದ ನಾಡೊಂದರಲ್ಲಿ ಕಥೆಯಾಟ ಆಡುತ್ತೇವೆ. ನಾಡಿನ ಹೆಸರು ಬಂಡೆಸೀಮೆ. ಅಲ್ಲಿ ಕರಡಿಗಳು ಮಾತಾಡುತ್ತವೆ, ಮಳೆಯನ್ನು ಹರಾಜಿಗೆ ಇಡುತ್ತಾರೆ. ಕಥೆ ನಡೆಸುವವನು ನಾನು.

ಆಟದಲ್ಲಿ ಒಂದು ನ್ಯಾಯಸಭೆ ಬೇಕಾಯಿತು. ಸಿನಿಮಾದ ಜಡ್ಜು ಕುಟ್ಟುತ್ತಾರಲ್ಲ, ಆ ಮರದ ಸುತ್ತಿಗೆ ನನ್ನ ತಲೆಗೆ ಬಂತು. ನಿಜ ಹೇಳಬೇಕೆಂದರೆ ನಮ್ಮ ದೇಶದ ಕೋರ್ಟುಗಳಲ್ಲಿ ಅದರ ಬಳಕೆ ಇಲ್ಲ, ಇಂಗ್ಲೆಂಡಿನಲ್ಲೂ ಇಲ್ಲ. ಅದು ಅಮೆರಿಕದ ರೂಢಿ. ಆದರೂ ಮಕ್ಕಳಿಗೆ ಕೈಯಲ್ಲಿ ಹಿಡಿಯುವ ವಸ್ತು ಬೇಕು ಅನ್ನಿಸಿತು.

ಬಡಗಿಯ ಹತ್ತಿರ ಹೋಗಿ ಚಿತ್ರ ತೋರಿಸಿದೆ. "ಇದು ಕೊಡತಿ ಅಲ್ಲೇನ್ರಿ, ಉಳಿ ಹೊಡೆಯೋದು" ಅಂದ. ಅವತ್ತಿನಿಂದ ನಮ್ಮ ಆಟದಲ್ಲೂ ಅದು ಕೊಡತಿಯೇ. ಹುಣಸೆ ಕೊರಡನ್ನು ಲೇತಿಗೆ ಹಚ್ಚಿ ತಲೆ ಮಾಡಿದ, ನಡುವೆ ತೂತು ಕೊರೆದು ತೇಗದ ಕಾವು ತೂರಿಸಿ, ತುದಿಗೆ ಬೆಣೆ ಹೊಡೆದ. ಹುಣಸೆ ಗಟ್ಟಿ ಮರ, ಸುಲಭಕ್ಕೆ ಸೀಳುವುದಿಲ್ಲ.

ಮೊದಲು ನಾನು ಮಾಡಿದ್ದು ದೊಡ್ಡ ತಪ್ಪು. ಕೊಡತಿಗೇ ಮಂತ್ರಶಕ್ತಿ ಕೊಟ್ಟೆ: ಕುಟ್ಟಿದರೆ ಸುಳ್ಳುಗಾರನ ಬಾಯಿಂದ ಸತ್ಯ ಬರಬೇಕು. ಎರಡೇ ವಾರದಲ್ಲಿ ಆಟ ಸಪ್ಪೆಯಾಯಿತು. ಸಾಕ್ಷಿ ಹುಡುಕುವವರಿಲ್ಲ, ವಾದ ಮಾಡುವವರಿಲ್ಲ. ಕುಟ್ಟಿದರೆ ಮುಗಿಯಿತು.

ದಾರಿ ಸಿಕ್ಕಿದ್ದು ಊರ ಹೊರಗಿನ ಸಂಗನಕಲ್ಲು–ಕಪ್ಪಗಲ್ಲು ಗುಡ್ಡದಲ್ಲಿ. ನವಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ ಅದು. ಕಪ್ಪು ಡೊಲೆರೈಟ್ ಬಂಡೆಗಳ ಮೇಲೆ ಎತ್ತುಗಳ ಚಿತ್ರ ಕುಟ್ಟಿದ್ದಾರೆ. ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಣಿಗಳಿವೆ, ಅಲ್ಲಿ ಕಲ್ಲು ತಾಗಿಸಿದರೆ ಗಂಟೆಯಂತೆ ದನಿ ಬರುತ್ತದೆ. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಒಮ್ಮೆ ಮೆಲ್ಲಗೆ ತಾಗಿಸಿ, "ಕೈ ಇಟ್ಟು ನೋಡ್ರಿ ಸರ, ಇನ್ನೂ ಐತೆ" ಅಂದರು. ಕಿವಿಗೆ ಕೇಳುವುದು ನಿಂತ ಮೇಲೂ ಅಂಗೈಗೆ ಸಣ್ಣ ನಡುಕ ತಿಳಿಯುತ್ತಿತ್ತು. ಸುತ್ತಲಿನ ಕಲ್ಲುಗಣಿಗಾರಿಕೆ ಈ ಗುಡ್ಡಕ್ಕೆ ಮಾಡಿರುವ ಹಾನಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಹೋದವರು ದಯವಿಟ್ಟು ಆ ಬಂಡೆಗಳನ್ನು ಬಡಿಯಬೇಡಿ.

ಮನೆಗೆ ಬಂದು ಕಟ್ಟಳೆಗಳನ್ನೆಲ್ಲ ಹೊಸದಾಗಿ ಬರೆದೆ. ಶಕ್ತಿ ಕೊಡತಿಯದಲ್ಲ, ಕಲ್ಲಿನದು. ಒಂದೊಂದು ಊರಿಗೆ ಒಂದೊಂದು ನ್ಯಾಯದ ಕಲ್ಲು, ಒಂದೊಂದರದು ಬೇರೆ ದನಿ. ದನಿ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ಮಾತ್ರ ತೀರ್ಪು ನಡೆಯುತ್ತದೆ. ಕುಟ್ಟಿದ ಮೇಲೆ ನಡುಕ ಅಡಗುವುದರೊಳಗೆ ತಕರಾರು ಹೇಳಬೇಕು, ಆಮೇಲೆ ತೀರ್ಪು ತಿರುಗುವುದಿಲ್ಲ. ಹೀಗಾಗಿ ಮಕ್ಕಳು ಕಲ್ಲಿನ ಸುತ್ತ ಉಸಿರು ಬಿಗಿ ಹಿಡಿದು ಕೂರುತ್ತಾರೆ. ಮಳೆಯ ಹರಾಜಿನಲ್ಲೂ ಅಷ್ಟೇ: ಒಂದು ಸಾರಿ, ಎರಡು ಸಾರಿ, ಮೂರನೆಯ ಏಟು ಅಡಗುವ ತನಕ ಬೆಲೆ ಏರಿಸಬಹುದು.

ಒಂದು ನಿಜ ಸಂಗತಿಯೂ ಕಥೆಗೆ ಬಂತು. 1954ರಲ್ಲಿ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಹಳೆಯ ದಂತದ ಸುತ್ತಿಗೆ ಸೀಳಿತು. ಅದೇ ಆಕಾರದ ಹೊಸದನ್ನು ಭಾರತವೇ ಕೊಟ್ಟಿತು, ಒಪ್ಪಿಸಿದವರು ಆಗಿನ ಉಪರಾಷ್ಟ್ರಪತಿ ಸರ್ವಪಲ್ಲಿ ರಾಧಾಕೃಷ್ಣನ್. ಅದಕ್ಕೆ ಕಾವೇ ಇಲ್ಲ, ಮುಷ್ಟಿಯಲ್ಲಿ ಹಿಡಿದು ಕುಟ್ಟುವುದು. ನಮ್ಮ ಬಂಡೆಸೀಮೆಯಲ್ಲಿ ಈಗ ಎರಡು ನಾಡು ಜಗಳ ಬಿಟ್ಟರೆ ಕೊಡತಿ ಉಡುಗೊರೆ ಕೊಡುತ್ತವೆ.

ಮನೆಯಲ್ಲಿ ಕಲ್ಲಿನ ಬದಲು ದೇವರಮನೆಯ ಜಾಗಟೆಯನ್ನು ಕಿಟಕಿ ಸರಳಿಗೆ ಕಟ್ಟಿದ್ದೇವೆ. ಹೋದ ವಾರದ ಆಟದಲ್ಲಿ ಕಳ್ಳರು ಕೊಡತಿ ಕದ್ದರು. ನಾನು ಗಾಬರಿಯ ದನಿ ತೆಗೆದು ಸಭೆ ನಿಂತಿತು ಅಂದೆ. ಎಂಟು ವರ್ಷದ ಹುಡುಗಿ ಎದ್ದು, "ಒಯ್ಯಲಿ ಬಿಡು ಮಾಮಾ, ಕಲ್ಲು ಇಲ್ಲೇ ಐತಲ್ಲ" ಅಂದಳು. ಅಡುಗೆಮನೆಯಿಂದ ಲಟ್ಟಣಿಗೆ ತಂದು ಜಾಗಟೆಗೆ ಒಂದೇ ಏಟು ಕೊಟ್ಟಳು. ಎಲ್ಲರೂ ಸುಮ್ಮನಾದರು. ಅವಳು ಅಂಗೈಯನ್ನು ಅಂಚಿಗೆ ಒತ್ತದೆ, ಬರೀ ಮುಟ್ಟಿಸಿಕೊಂಡು, ನಡುಕ ನಿಲ್ಲುವುದನ್ನು ಕಾಯುತ್ತಿದ್ದಳು.